ಸೊಟ್ಟ ಬೀದಿಯ ಗೆರೆ ಎಳೆದವರು

ಹುಲಿಗುಡ್ಡದ ಅರಸ ಭೈರಮಲ್ಲ ನಾಯಕನಿಗೆ ನೇರ ಗೆರೆಯ ಹುಚ್ಚು. ಕೋಟೆಯೊಳಗಿನ ಬೀದಿಗಳನ್ನೆಲ್ಲ ಹಗ್ಗ ಹಿಡಿಸಿ ಹಾಕಿಸಿದ್ದ. ಮೀಸೆಯನ್ನೂ ಹಾಗೇ ಕತ್ತರಿಸಿಕೊಳ್ಳುತ್ತಿದ್ದ.

"ಕೋಟೆ ಬಾಗಿಲಲ್ಲಿ ನಿಂಬೆಹಣ್ಣು ಉರುಳಿಸಿದರೆ ಅರಮನೆ ಮೆಟ್ಟಿಲಿಗೇ ಬಂದು ತಾಗಬೇಕು. ಅಂಥ ಬೀದಿಗಳು ನನ್ನವು!" ಎಂದು ದಿನಕ್ಕೆರಡು ಸಲ ಹೇಳದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಒಂದು ದಿನ ಬುರುಜು ಹತ್ತಿ ಹೊರಗೆ ನೋಡಿದ. ಕೋಟೆ ಕಟ್ಟಲು ಬಂದ ಕಲ್ಲುಕುಟಿಗರು ಕೆಲಸ ಮುಗಿದ ಮೇಲೂ ಅಲ್ಲೇ ನೆಲೆನಿಂತು, ಇನ್ನೂರು ಗುಡಿಸಲ ಕೇರಿ ಬೆಳೆದಿತ್ತು. ಅದರ ನಡುಬೀದಿ ಜಿಲೇಬಿಯಂತೆ ಸುತ್ತಿಕೊಂಡಿತ್ತು.

ನಾಯಕನ ಪಿತ್ತ ನೆತ್ತಿಗೇರಿತು. "ಎಂಟು ದಿನಕ್ಕೆ ಬೀಗರು ಬರುತ್ತಾರೆ. ಅಷ್ಟರೊಳಗೆ ಆ ಬೀದಿ ನೆಟ್ಟಗಾಗಬೇಕು. ಇಲ್ಲದಿದ್ದರೆ ಕೇರಿಯನ್ನೇ ಕೆಡವಿಸುತ್ತೇನೆ! ಲಿಂಗರಸ, ಈ ಕೆಲಸ ನಿನ್ನದು."

ಲಿಂಗರಸ ಆಸ್ಥಾನದ ಜಾಣ. ಅರಸನಿಗೆ ಸಿಟ್ಟು ಬಂದಾಗಲೆಲ್ಲ ಎಲ್ಲರೂ ಅವನ ಬೆನ್ನ ಹಿಂದೆ ಅಡಗುತ್ತಿದ್ದರು. ಅವನು ಕೇರಿಗೆ ಹೋದಾಗ ಸುದ್ದಿ ಆಗಲೇ ಮುಟ್ಟಿತ್ತು. ಕೇರಿಯ ಹಿರಿಯಳು ಮಾಳವ್ವ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಎದುರು ಬಂದಳು.

"ಹತ್ತು ವರ್ಸ ಅವರ ಕೋಟೆಗೆ ಕಲ್ಲು ಹೊತ್ವಿ ಸಾಮಿ. ಈಗ ಮಕ್ಳು ಮರಿ ಕಟ್ಕಂಡು ಎಲ್ಲಿಗೆ ಹೋಗಾನ?"

"ಅಳಬೇಡವ್ವಾ. ಈ ಬೀದಿಯನ್ನ ಇಷ್ಟು ಸೊಟ್ಟಗೆ ಯಾಕೆ ಬಿಟ್ರಿ, ಅದನ್ನ ಹೇಳು."

"ನಾವೆಲ್ಲಿ ಬಿಟ್ವಿ? ಅರಸರ ಸವಾರಿ ಹೋದ ಜಾಡಿನ ಮ್ಯಾಲೆ ಗೋಡೆ ಎಬ್ಬಿಸಬಾರದು ಅಂತ ಕಟ್ಟಪ್ಪಣೆ ಐತಲ್ಲ! ನಾವು ಬಂದಾಗ ಜಾಡು ಆಗ್ಲೇ ಬಿದ್ದಿತ್ತು. ಅದನ್ನ ಬಿಟ್ಟು ಪಕ್ಕದಾಗೆ ಗುಡಿಸ್ಲು ಹಾಕ್ಕಂಡ್ವಿ. ನಮ್ಮ ಪಕ್ಕ ಇನ್ನೊಬ್ರು, ಅವರ ಪಕ್ಕ ಮತ್ತೊಬ್ರು."

ಲಿಂಗರಸನಿಗೆ ಆ ಸವಾರಿ ಚೆನ್ನಾಗಿ ನೆನಪಿತ್ತು. ನಗು ತಡೆಯಲಾಗದೆ ಸುಮ್ಮನೆ ಕೆಮ್ಮಿದ.

ಮರುದಿನ ತುಂಬಿದ ಸಭೆಯಲ್ಲಿ ಎದ್ದು ನಿಂತ. "ಪ್ರಭು, ಬೀದಿ ನೆಟ್ಟಗೆ ಮಾಡಿಸುತ್ತೇನೆ. ಆದರೆ ಅಂಥ ಸೊಟ್ಟ ಗೆರೆ ಎಳೆದವರಿಗೆ ಮೊದಲು ಶಿಕ್ಷೆ ಆಗಬೇಡವೇ?"

"ಆಗಲೇಬೇಕು! ಅವನು ಯಾರೇ ಆಗಿರಲಿ, ಕತ್ತೆಯ ಮೇಲೆ ಹಿಂದುಮುಂದಾಗಿ ಕೂರಿಸಿ ಅದೇ ಬೀದಿಯಲ್ಲಿ ಮೆರವಣಿಗೆ ಮಾಡಿಸುತ್ತೇನೆ. ಇದು ನನ್ನ ಮಾತು!"

"ಹಾಗಾದರೆ ಒಮ್ಮೆ ಬೀದಿ ನೋಡಿ ಬರೋಣ."

ಸಭೆಗೆ ಸಭೆಯೇ ಹೊರಟಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ನಾಯಕ ನಿಂತ. "ಇಲ್ಲಿ ಯಾಕೆ ಬೀದಿ ಗಾಣದೆತ್ತಿನ ಹಾಗೆ ಸುತ್ತಿದೆ?"

"ಇಲ್ಲೊಂದು ಹಲಸಿನ ಮರವಿತ್ತು ಪ್ರಭು. ಹಣ್ಣಿನ ವಾಸನೆಗೆ ಮೂರು ಸುತ್ತು ಹಾಕಿದ್ದಾಯಿತು."

"ಹೊಟ್ಟೆಬಾಕ! ಈ ಬಂಡೆಗೆ ಯಾಕೆ ಹೀಗೆ ಅಂಟಿಕೊಂಡಿದೆ?"

"ಬೆನ್ನು ತುರಿಸಿತ್ತು."

"ಥೂ! ನಾಚಿಕೆಗೆಟ್ಟವನು!"

ಬಂಡೆ ದಾಟಿದರೆ ಬೀದಿ ಬಾಣದಂತೆ ನೇರ. ನಾಯಕನ ಮುಖ ಅರಳಿತು. "ಹಾಂ! ಇದು ಬೀದಿ! ಇಲ್ಲಿಗೆ ಬರುವ ಹೊತ್ತಿಗೆ ಅವನಿಗೂ ಬುದ್ಧಿ ಬಂದಿದೆ."

"ಬುದ್ಧಿಯಲ್ಲ ಪ್ರಭು, ಹೆಜ್ಜೇನು ಬಂದಿತ್ತು."

ನಾಯಕನ ನಡಿಗೆ ನಿಧಾನವಾಯಿತು. ಬೀದಿ ಹೋಗಿ ಹೋಗಿ ಕೆರೆಯ ಕೆಸರಿನಲ್ಲಿ ಮುಗಿದಿತ್ತು. ಆ ಕೆಸರನ್ನು ಅವನು ಎಲ್ಲೋ ನೋಡಿದ್ದ. ನೋಡಿದ್ದೇನು, ಕುಡಿದಿದ್ದ!

"ಲಿಂಗರಸ," ಎಂದ ಮೆಲ್ಲಗೆ, "ಪಟ್ಟವಾದ ದಿನ ಮಾವುತ ಬೇಡವೆಂದು ಹಟ ಹಿಡಿದು ನಾನೊಬ್ಬನೇ ಆನೆ ಹತ್ತಿದ್ದೆನಲ್ಲ..."

"ಅದೇ ಸವಾರಿ ಪ್ರಭು. ಬೀದಿಯನ್ನು ನೇರ ಮಾಡಬೇಕಾದರೆ ನಿಮ್ಮ ಜಾಡಿನ ಮೇಲೆ ಗೋಡೆ ಏಳಬೇಕು. ಈ ಬಡವರಿಗೆ ಅಷ್ಟು ಧೈರ್ಯ ಎಲ್ಲಿದೆ?"

ಮಾಳವ್ವ ಕೈಮುಗಿದು ನಿಂತಿದ್ದಳು. ನಾಯಕ ಹಣೆಯ ಬೆವರೊರೆಸಿಕೊಂಡ.

"ಕೇರಿ ಇರಲಿ ಬಿಡು, ಕೆಡವುವುದು ಬೇಡ. ಆದರೆ ತುಂಬಿದ ಸಭೆಯಲ್ಲಿ ಮಾತು ಕೊಟ್ಟಿದ್ದೇನಲ್ಲಯ್ಯಾ. ಈಗ ನನಗೆ ಕತ್ತೆ ತರಿಸಬೇಕೇನು?"

"ಏನೂ ಬೇಡ ಪ್ರಭು. ಆ ಶಿಕ್ಷೆ ಹನ್ನೆರಡು ವರ್ಷದ ಹಿಂದೆಯೇ, ಇದೇ ಬೀದಿಯಲ್ಲೇ ಮುಗಿದಿದೆ. ಹೆಜ್ಜೇನು ಎದ್ದಾಗ ತಾವು ಹಿಂದುಮುಂದಾಗಿ ಕೂತು ಆನೆಯ ಬಾಲ ಹಿಡಿದುಕೊಂಡಿದ್ದಿರಿ!"

ಮೊದಲು ನಕ್ಕವಳು ಮಾಳವ್ವ. ಆಮೇಲೆ ನಾಯಕನೇ ಹೊಟ್ಟೆ ಹಿಡಿದುಕೊಂಡು ನಕ್ಕ. ಕೊರಳ ಹಾರ ತೆಗೆದು ಲಿಂಗರಸನಿಗೆ ಹಾಕಿ, ಬೀದಿಯುದ್ದಕ್ಕೂ ಕಲ್ಲು ಹಾಸಿಸಲು ಅಪ್ಪಣೆ ಕೊಟ್ಟ. ಹೋಗುವಾಗ ಅವನ ಕಿವಿಯಲ್ಲಿ ಹೇಳಿದ: "ಬೀಗರು ಕೇಳಿದರೆ ಬೀದಿ ಹಾಕಿಸಿದ್ದು ನನ್ನ ಅಪ್ಪ ಅನ್ನು!"