ಲಾಳಿ ಜಾಹೀರಾತಿನ ದರ

ಗುಳೇದಗುಡ್ಡದಲ್ಲಿ ಕೈಮಗ್ಗದ ನೇಕಾರರಿಗೆಂದೇ ಒಂದು ವೆಬ್‌ಸೈಟ್ ಇತ್ತು. ಅದರ ಜಾಹೀರಾತಿನ ಕೆಲಸ ನೋಡಿಕೊಳ್ಳುತ್ತಿದ್ದವಳು ನೀಲವ್ವ. ಸೈಟು ನಡೆಯುವುದೇ ಜಾಹೀರಾತಿನಿಂದ. ಆ ತಿಂಗಳು ಬಾಗಿಲಿಗೆ ಬಂದದ್ದು ಒಬ್ಬನೇ ಗಿರಾಕಿ, ಮಗ್ಗಕ್ಕೆ ಬೇಕಾದ ಲಾಳಿ ಮಾರುವ ಸಂಗಪ್ಪ ಸಾಹುಕಾರ.

ದರ ಕೇಳಿದ್ದೇ ತಡ, ಸಾಹುಕಾರ ಕುರ್ಚಿ ಬಿಟ್ಟು ಎದ್ದ. "ಏನವಾ ಇದು! ಸಿನಿಮಾ ಸುದ್ದಿ ಸೈಟಿನವ್ರು ಇದರ ಕಾಲುಭಾಗಕ್ಕ ಊರ ಮಂದಿಗೆಲ್ಲಾ ತೋರಸ್ತಾರ. ಆ ದರಕ್ಕ ಕೊಡ್ತಿದ್ರ ಕೊಡು, ಇಲ್ಲಾಂದ್ರ ನಾ ಹೊಂಟೆ."

ನೀಲವ್ವ ನಗುತ್ತ, "ಆತು ಬಿಡ್ರಿ ಸಾವಕಾರ್ರ, ಅದೇ ದರಕ್ಕ ಕೊಡ್ತೀನಿ" ಎಂದಳು.

ಸಾಹುಕಾರ ಮೀಸೆ ತೀಡುತ್ತ ಮತ್ತೆ ಕೂತ.

"ನಮ್ಮ ಸೈಟಿನಾಗ ಸೀರಿ ಚಿತ್ರದ ಪುಟ ಒಂದು ಐತ್ರಿ. ಮದುವಿ ಸೀರಿ ನೋಡಾವ್ರು ಬರ್ತಾರ, ಮಗ್ಗ ಇದ್ದವ್ರು ಅತ್ತ ಹಾಯೂದಿಲ್ಲ. ನಿಮ್ಮ ಜಾಹೀರಾತು ಅಲ್ಲೇ ಹಾಕ್ತೀನಿ."

"ಹುಚ್ಚಿ ಏನ ನೀ? ಮಗ್ಗ ಇಲ್ಲದವ್ರು ಲಾಳಿ ತಗೊಂಡು ತಲಿ ಬಾಚ್ಕೋತಾರೇನು?" ಸಾಹುಕಾರ ಗುಡುಗಿದ.

"ಮತ್ತ ಆ ಸಿನಿಮಾ ನೋಡಾವ್ರು ಲಾಳಿ ತಗೊಂಡು ಏನ ಮಾಡ್ತಾರ್ರಿ?"

ನೀಲವ್ವ ಚಹಾದ ಕಪ್ಪು ಮುಂದೆ ಸರಿಸಿದಳು. ಸಾಹುಕಾರ ಬಸಿಗೆ ಸುರುವಿಕೊಂಡು, ಊದಿ ಊದಿ ಕುಡಿದು ಮುಗಿಸಿದ.

"ಮಗ್ಗ ಇದ್ದವ್ರಿಗೇ ತೋರಸವಾ. ನಿನ್ನ ದರಾನ ಇರಲಿ. ಆದ್ರ ಇಷ್ಟು ರೊಕ್ಕ ಕೊಡಾವಗ ಚಹಾಕ್ಕ ಒಂದೀಟು ಸಕ್ರಿನಾದ್ರೂ ಜಾಸ್ತಿ ಹಾಕು!"