ಪರದೆಯ ಹಿಂದಿನ ಐದನೆಯ ವಾದ್ಯ

ಬನ್ನಿ, ಹತ್ತಿರ ಕೂತ್ಕೊಳ್ಳಿ. ಏ ಪುಟ್ಟಿ, ಗೋಡೆಗೆ ಒರಗಬೇಡ, ನಿದ್ದೆ ಬಂದುಬಿಡುತ್ತೆ. ಬಾಯಿ ಮುಚ್ಚಿ, ಕಿವಿ ತೆರೆದು ಕೇಳಿ.

ಬಿಳಿಗಲ್ಲದುರ್ಗದಲ್ಲಿ ಮಲ್ಲರಸ ಅಂತ ಒಬ್ಬ ದೊರೆ ಇದ್ದ. ಮನುಷ್ಯ ಒಳ್ಳೆಯವನೇ. ಆದರೆ ಯಾರಾದರೂ ಹೊಗಳಿದರೋ, ಬಿಸಿಲಿಗಿಟ್ಟ ಬೆಣ್ಣೆಯಾಗಿಬಿಡುತ್ತಿದ್ದ.

ಒಂದು ದಿನ ಅವನ ಆಸ್ಥಾನಕ್ಕೆ ತ್ರಿಲೋಚನ ಪಂಡಿತ ಅನ್ನುವವನು ಬಂದ. ಹೆಗಲ ಮೇಲೆ ಎರಡು ಶಾಲು, ಬಾಯಿ ತುಂಬ ತಾಂಬೂಲ, ಹಿಂದೆ ಹನ್ನೆರಡು ಜನ ಶಿಷ್ಯರು.

"ಪ್ರಭು, ಪರದೆ ಕಟ್ಟಿಸಿ. ಅದರ ಹಿಂದೆ ಏನನ್ನು ಬೇಕಾದರೂ ಬಡಿಸಿ. ಸದ್ದು ಕೇಳಿಯೇ ಅದು ಯಾವುದು, ನೋಡಲು ಹೇಗಿದೆ ಎಲ್ಲ ಹೇಳುತ್ತೇನೆ. ಐದಕ್ಕೆ ಐದೂ ಸರಿಯಾದರೆ ನಿಮ್ಮ ವಾದ್ಯಶಾಲೆಯನ್ನು ನನ್ನ ಶಿಷ್ಯರಿಗೆ ಬಿಡಬೇಕು. ಒಂದು ತಪ್ಪಿದರೂ ಬಂದ ದಾರಿಗೆ ಸುಂಕವಿಲ್ಲ ಅಂತ ಹೊರಡುತ್ತೇನೆ. ನಿಮ್ಮಂಥ ರಸಿಕರ ಮುಂದೆಯೇ ಈ ಪಂದ್ಯಕ್ಕೆ ಶೋಭೆ!"

ಬೆಣ್ಣೆ ಕರಗಿತು. "ಆಗಲಿ!" ಅಂದುಬಿಟ್ಟ ದೊರೆ.

ವಾದ್ಯಶಾಲೆಯಲ್ಲಿ ಆರು ಮನೆಯವರು ಇದ್ದರು. ತಾತ ಮುತ್ತಾತನ ಕಾಲದಿಂದ ಅಲ್ಲೇ ಬಾರಿಸಿ, ಅಲ್ಲೇ ಉಂಡವರು. ಪಂಡಿತ ಗೆದ್ದರೆ ಅಷ್ಟೂ ಜನ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬೀದಿಗೆ ಬೀಳಬೇಕು.

ಮರುದಿನ ಬೆಳಿಗ್ಗೆ ಪಂದ್ಯ ಶುರುವಾಯಿತು. ಪಂಡಿತ ಮೊದಲು ಅಂಗಳದಲ್ಲಿ ನಿಂತಿದ್ದ ವಾದ್ಯದವರ ಹತ್ತಿರ ಹೋಗಿ, ಒಬ್ಬೊಬ್ಬರ ಎರಡೂ ಕೈ ಹಿಡಿದು, "ಕಲ್ಯಾಣವಾಗಲಿ, ಕಲ್ಯಾಣವಾಗಲಿ" ಅಂತ ಹರಸಿದ. ಎಷ್ಟು ವಿನಯ ಅಂತ ಜನ ಬೆರಗಾದರು.

ವಾದ್ಯದವರು ಒಬ್ಬೊಬ್ಬರಾಗಿ ಪರದೆಯ ಹಿಂದೆ ಹೋದರು. ಮೊದಲನೆಯ ಸದ್ದು. ಪಂಡಿತ ಅಡಿಕೆ ಅಗಿಯುತ್ತಲೇ, "ತಮಟೆ!" ಅಂದ. ಸರಿ.

ಎರಡನೆಯದು ಡೊಳ್ಳು. ಸರಿ. ಮೂರನೆಯದು ಗುಮಟೆ. ಅದೂ ಸರಿ.

ನಾಲ್ಕನೆಯದು, ಎಮ್ಮೆ ಕರುವನ್ನು ಕರೆದ ಹಾಗೆ "ಊಂ... ಊಂ..." ಅಂತ ನರಳಿತು. ಸಭೆಗೆ ಸಭೆಯೇ ಬಗ್ಗಿ ನೋಡಿತು. ಪಂಡಿತ ಮಾತ್ರ ಎಲೆಗೆ ಸುಣ್ಣ ಹಚ್ಚುತ್ತಾ, "ಉರುಮೆ. ಬಾಗಿದ ಕೋಲಿನಲ್ಲಿ ಚರ್ಮ ಉಜ್ಜುತ್ತಿದ್ದಾನೆ" ಅಂದ.

ಪರದೆ ಸರಿಸಿದರೆ ಉರುಮೆಯೇ!

"ಐದನೆಯದು ಊಟ ಆದ ಮೇಲೆ" ಅಂದ ದೊರೆ.

ವಾದ್ಯಶಾಲೆಯ ಹಿರಿಯ ಬಸಲಿಂಗಯ್ಯ ಓಡಿಬಂದು ಅಡವೆಪ್ಪನ ಕೈ ಹಿಡಿದುಕೊಂಡ. ಈ ಅಡವೆಪ್ಪ ದೊರೆಯ ಆಸ್ಥಾನದಲ್ಲಿದ್ದ ಜಾಣ. ನಗುತ್ತಲೇ ಚಿವುಟುವ ಆಸಾಮಿ.

"ಅಣ್ಣಾ, ನಾವು ಕೆಟ್ಟೆವು. ಉಳಿದಿರೋದು ನನ್ನ ಮದ್ದಳೆ ಒಂದೇ. ಅದು ಹುಟ್ಟಿದ ಮಗುವಿಗೂ ಗೊತ್ತಾಗುತ್ತೆ!"

"ಅಳಬೇಡ ಮಾರಾಯ. ಒಂದು ಮಾತು ಹೇಳು, ಉರುಮೆಯವನ ಕೈಯಲ್ಲಿ ಏನಿರುತ್ತೆ?"

"ಕೋಲಿಗೆ ಹರಳೆಣ್ಣೆ ಹಚ್ತಾನಲ್ಲ, ಕೈಯೆಲ್ಲ ಎಣ್ಣೆ."

"ತಮಟೆಯವನ ಕೈಯಲ್ಲಿ?"

"ಬೆಂಕಿಗೆ ಹಿಡಿದು ಕಾಯಿಸ್ತಾನೆ. ಮಸಿ."

"ನಿನ್ನ ಕೈಯಲ್ಲಿ?"

"ಮದ್ದಳೆಯ ಎಡಮುಖಕ್ಕೆ ರವೆ ಕಲಸಿ ಮೆತ್ತಬೇಕಲ್ಲ. ಎಡಗೈಗೆ ಅಂಟಿರುತ್ತೆ." ಬಸಲಿಂಗಯ್ಯನ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. "ಅಯ್ಯೋ ಶಿವನೇ! ಹರಸೋ ನೆಪದಲ್ಲಿ..."

"ಬಳೆಗಾರ ಕೂಡ ಅಷ್ಟು ಹೊತ್ತು ಕೈ ತಿರುಗಿಸಿ ನೋಡಲ್ಲ. ನೀನು ಮದ್ದಳೆ ಮುಚ್ಚಿಟ್ಟು ಸುಮ್ಮನೆ ಕೂತಿರು" ಅಂತ ಅಡವೆಪ್ಪ ನೇರ ಅಡುಗೆಮನೆಗೆ ನಡೆದ.

ಊಟ ಮುಗಿಯಿತು. ಅಂಗಳದಲ್ಲಿ ದಪ್ಪ ಮೀಸೆಯ ಹೊಸಬನೊಬ್ಬ ನಿಂತಿದ್ದ. ಪಂಡಿತ ಅವನ ಕೈ ಹಿಡಿದ. ಬಲಗೈ ಶುಭ್ರ. ಎಡಗೈಯಲ್ಲಿ ಬೆಳ್ಳಗೆ ಹಿಟ್ಟು. ಪಂಡಿತನ ಮುಖ ಅರಳಿತು. "ಕಲ್ಯಾಣವಾಗಲಿ!"

ಪರದೆಯ ಹಿಂದೆ ಸದ್ದು ಎದ್ದಿತು. ತಟ್ ತಟ್ ತಟ್, ತಟಪಟ ತಟ್. ತಟ್ ತಟ್ ತಟ್, ತಟಪಟ ತಟ್.

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಮುದಿ ಸೇನಾಪತಿ ತುಟಿ ಸವರಿಕೊಂಡ. ಆಗ ತಾನೇ ಉಂಡು ಬಂದಿದ್ದ ದೊರೆಯ ಬಾಯಲ್ಲೂ ನೀರೂರಿತು. ಯಾಕೆ ಅಂತ ಅವನಿಗೇ ತಿಳಿಯಲಿಲ್ಲ.

ಪಂಡಿತ ಕಣ್ಣು ಮುಚ್ಚಿ ತಲೆದೂಗಿದ. "ಆಹಾ! ಮದ್ದಳೆ! ಹಲಸಿನ ಮರದ ಒಡಲು. ಬಲಮುಖಕ್ಕೆ ಕಪ್ಪು ಕರಣೆ, ಎಡಮುಖಕ್ಕೆ ರವೆಯ ಮೆತ್ತಿಗೆ. ಬಾರಿಸುವವನಿಗೆ ಮೂವತ್ತು ವರ್ಷದ ಸಾಧನೆ!"

"ಸಾಧನೆಯ ಮಾತು ನಿಜ" ಅಂತ ಅಡವೆಪ್ಪ ಪರದೆ ಎಳೆದ.

ಅದೇ ದಪ್ಪ ಮೀಸೆಯವನು, ಅರಮನೆಯ ಅಡುಗೆಯ ಮಲ್ಕಪ್ಪ, ಮಣೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದ! ತಲೆ ಎತ್ತಿ, "ಇನ್ನೂ ಬಡೀಲಾ, ಸಾಕಾ?" ಅಂತ ಕೇಳಿದ.

ಸಭೆ ಹೋ ಅಂದಿತು. ಪಂಡಿತ ಹಾರಾಡಿದ. "ಮೋಸ! ರೊಟ್ಟಿ ಒಂದು ವಾದ್ಯವೇ?"

"ಏನನ್ನು ಬೇಕಾದರೂ ಬಡಿಸಿ ಅಂದವರು ನೀವೇ ಅಲ್ಲವೇ ಪಂಡಿತರೇ?" ಅಂದ ಅಡವೆಪ್ಪ. " ಹಸಿದವನು ಈ ಸದ್ದನ್ನು ಮೂರು ಮನೆ ಆಚೆಯಿಂದ ಗುರುತಿಸುತ್ತಾನೆ. ನೀವು ಕೇಳಿಸಿಕೊಂಡಿದ್ದರೆ ತಾನೇ! ಬೆಳಿಗ್ಗೆಯಿಂದ ಎಣ್ಣೆ, ಮಸಿ, ಹಿಟ್ಟು ಅಂತ ಬರೀ ಅಂಗೈ ನೋಡಿದಿರಿ. ಕೈ ನೋಡಿ ಹೇಳುವವರಿಗೆ ವಾದ್ಯಶಾಲೆ ಯಾಕೆ ಸ್ವಾಮಿ? ಸಂತೆಯಲ್ಲಿ ಒಂದು ಮರದ ನೆರಳು ಸಾಕು!"

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ತಾನು ಎಂಥ ಮಾತು ಕೊಟ್ಟಿದ್ದೆ ಅಂತ ನೆನಪಾಗಿ, ಎದ್ದುಬಂದು ಬಸಲಿಂಗಯ್ಯನ ಹೆಗಲಿಗೆ ತನ್ನ ಶಾಲನ್ನೇ ಹೊದಿಸಿದ. "ನಿನಗೇನು ಬೇಕು ಅಡವೆಪ್ಪ?" ಅಂದ.

"ಮಲ್ಕಪ್ಪನ ರೊಟ್ಟಿ ಆರುವ ಮೊದಲು ಈ ಸಭೆ ಮುಗಿಸಿ, ಪ್ರಭು."

ಆಮೇಲೆ ಏನಾಯಿತು ಅಂತೀರಾ? ಆರು ಮನೆಯವರೂ ಅಲ್ಲೇ ಉಳಿದರು, ಅವರ ಮೊಮ್ಮಕ್ಕಳೂ ಅಲ್ಲೇ ಬಾರಿಸಿದರು. ಮಲ್ಕಪ್ಪನಿಗೆ ಹಬ್ಬದ ದಿನ ವಾದ್ಯದವರ ಸಾಲಿನಲ್ಲೇ ಎಲೆ ಹಾಕಿದರು. ಅಡವೆಪ್ಪನಿಗೆ ಚಿನ್ನದ ಕಡಗ ಬಂತು. ಹೆಂಡತಿ ಅದನ್ನು ಮುರಿಸಿ ಓಲೆ ಮಾಡಿಸಿಕೊಂಡಳು. ಹನ್ನೆರಡು ಜನ ಶಿಷ್ಯರಲ್ಲಿ ಒಬ್ಬ ಮಾತ್ರ ನಾಚಿಕೆ ಬಿಟ್ಟು ಬಸಲಿಂಗಯ್ಯನ ಕಾಲಿಗೆ ಬಿದ್ದು, ನಿಜವಾಗಿ ಮದ್ದಳೆ ಕಲಿತ. ದೊರೆ ಹೊಗಳಿಕೆಗೆ ಕರಗುವುದನ್ನು ಬಿಟ್ಟನಂತೆ, ಒಂದು ವರ್ಷದ ಮಟ್ಟಿಗೆ.

ಪಂಡಿತ? ಅವನು ಸಂತೆಯಲ್ಲೇ ಕೂತ. ಅಂಗೈಗೆ ಕೆಸರು ಮೆತ್ತಿದವನಿಗೆ "ನಿನಗೆ ಭೂಮಿಯೋಗ" ಅಂದ, ಸಗಣಿ ಮೆತ್ತಿದವಳಿಗೆ "ಮನೆ ತುಂಬ ಹಾಲು ಮೊಸರು" ಅಂದ. ಚೆನ್ನಾಗಿಯೇ ಬದುಕಿದ ಬಿಡಿ.