ಹಗೇವಿಗೆ ಇಳಿದ ರೈತ

“ವಸ್ತಾದರೇ, ಉಂಡದ್ದೆಲ್ಲ ಎಲ್ಲಿ ಹೋಗುತ್ತದೆ?” ಎಂದು ಲಗಮಣ್ಣ ಕೇಳಿದ.

ಗರಡಿಯಲ್ಲಿ ಬೆಳಗಿನ ಸಾಮು ಮುಗಿದಿತ್ತು. ಉಳಿದವರು ಮೈ ತೊಳೆದುಕೊಂಡು ಮನೆಗೆ ಹೋಗಿದ್ದರು. ವಸ್ತಾದ ಪರಗೊಂಡಪ್ಪನವರು ಅಖಾಡದ ಮಣ್ಣನ್ನು ಸಲಿಕೆಯಿಂದ ಮಗುಚುತ್ತಿದ್ದರು. ಕೈ ನಿಲ್ಲಿಸದೆಯೇ ಶಿಷ್ಯನ ಮಾತು ಕೇಳಿದರು.

“ಈ ಗರಡಿಯಲ್ಲಿ ನನ್ನಷ್ಟು ಉಣ್ಣುವವರು ಬೇರೆ ಇಲ್ಲ. ಹಾಲು, ಬಾದಾಮಿ, ಬೆಲ್ಲ, ತುಪ್ಪ, ಯಾವುದಕ್ಕೂ ನಮ್ಮ ಮನೆಯಲ್ಲಿ ಕೊರತೆ ಮಾಡಿಲ್ಲ. ಆದರೂ ಕುಸ್ತಿ ಅರ್ಧಕ್ಕೆ ಬರುವಷ್ಟರಲ್ಲಿ ತೋಳು ಸೋಲುತ್ತದೆ. ನಿನ್ನೆ ನನ್ನನ್ನು ಕೆಡವಿದವನು ನನಗಿಂತ ಸಣ್ಣ ಆಳು. ಇಷ್ಟು ಅನ್ನ ಮೈಯಲ್ಲಿದ್ದರೂ ಬೇಕಾದ ಹೊತ್ತಿಗೆ ಬಲ ಏಕೆ ಒದಗುವುದಿಲ್ಲ? ಇನ್ನೂ ಹೆಚ್ಚು ಉಣ್ಣಬೇಕೇ?”

ವಸ್ತಾದರು ಸಲಿಕೆಯನ್ನು ಗೋಡೆಗೆ ಒರಗಿಸಿ ಕಟ್ಟೆಯ ಮೇಲೆ ಕೂತರು. ಲಗಮಣ್ಣನಿಗೂ ಕೂರಲು ಹೇಳಿ ಕತೆ ಶುರುಮಾಡಿದರು.

ಒಬ್ಬ ರೈತನಿದ್ದ. ಆ ಸುತ್ತಿನಲ್ಲಿ ಅವನಷ್ಟು ಗಟ್ಟಿ ಆಳು ಇರಲಿಲ್ಲ. ತುಂಬಿದ ಚೀಲವನ್ನು ಯಾರ ನೆರವೂ ಇಲ್ಲದೆ ಹೆಗಲಿಗೇರಿಸುತ್ತಿದ್ದ. ಯಾರದಾದರೂ ಬಂಡಿ ಕೆಸರಿನಲ್ಲಿ ಹೂತರೆ ಜನ ಮೊದಲು ಅವನನ್ನೇ ಕೂಗುತ್ತಿದ್ದರು. ಮನೆಯಲ್ಲಿ ಅವನ ಹೆಂಡತಿ ಮತ್ತು ತಮ್ಮ ಇದ್ದರು. ಹೆಂಡತಿ ಸಣಕಲು ಹೆಂಗಸು. ಮಾತು ಕಡಿಮೆ.

ಮನೆಯ ಮುಂದೆ ಒಂದು ಹಗೇವು ಇತ್ತು. ಹಗೇವು ಎಂದರೆ ಕಾಳು ತುಂಬಿಡಲು ನೆಲದಲ್ಲಿ ತೋಡಿದ ಆಳವಾದ ಗುಂಡಿ. ಅದರ ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಮಾತ್ರ ಅಗಲ. ಒಳಗೆ ಮಾತ್ರ ಹೊಟ್ಟೆ ದೊಡ್ಡದು. ಸುಗ್ಗಿ ಮುಗಿದ ಮೇಲೆ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತಿಬಿಡುತ್ತಿದ್ದರು. ಬೇಕಾದಾಗ ತೆಗೆಯುತ್ತಿದ್ದರು.

ಆ ವರ್ಷ ಮಳೆ ಚೆನ್ನಾಗಿ ಆಗಿತ್ತು. ಹಿಂಗಾರಿ ಬಿತ್ತನೆಗೆ ನೆಲ ಹದವಾಗಿತ್ತು. ಪಕ್ಕದ ಊರಿನವರ ಬೀಜದ ಜೋಳಕ್ಕೆ ಹುಳ ಬಿದ್ದಿತ್ತು. ತನ್ನಲ್ಲಿದ್ದುದನ್ನು ಕೊಡುತ್ತೇನೆಂದು ರೈತ ಮಾತು ಕೊಟ್ಟಿದ್ದ. ಅವರು ಬಂಡಿ ಕಟ್ಟಿಕೊಂಡು ಬಂದರು. ರೈತ ಅವರಿಗೆ ಊಟ ಹಾಕಿಸಿದ. ತಾನೂ ಅವರ ಜೊತೆ ಕೂತು ರೊಟ್ಟಿ, ಪಲ್ಯ, ಹೋಳಿಗೆ ಎಲ್ಲವನ್ನೂ ಹೊಟ್ಟೆ ತುಂಬ ಉಂಡ. ಬಡಿಸುವ ಗಡಿಬಿಡಿಯಲ್ಲಿ ಹೆಂಡತಿ ಮಾತ್ರ ಇನ್ನೂ ಉಂಡಿರಲಿಲ್ಲ. ಊಟವಾದ ಮೇಲೆ ಬಂದವರು ಎತ್ತುಗಳಿಗೆ ನೀರು ಕುಡಿಸಲು ಹಳ್ಳದ ಕಡೆ ಹೋದರು. ಅವರು ಬರುವುದರೊಳಗೆ ಒಂದಿಷ್ಟು ಜೋಳ ಮೇಲೆ ತೆಗೆದಿಡೋಣವೆಂದು ರೈತ ಹಗೇವಿನ ಕಲ್ಲು ಸರಿಸಿದ.

ಒಳಗಿನಿಂದ ಬಿಸಿ ಹಬೆ ಎದ್ದಿತು. ಅದರಲ್ಲಿ ಹುಳಿ ವಾಸನೆ ಇತ್ತು. ಹೆಂಡತಿ ಹತ್ತಿರ ಬಂದು ಮೂಸಿ ನೋಡಿ ಹಿಂದೆ ಸರಿದಳು.

“ಈ ಸಲ ಮಳೆ ನೀರು ಒಳಗೆ ಇಳಿದಿದೆ. ಹಸಿಯಾದ ಕಾಳು ಬಹಳ ಉಸಿರಾಡುತ್ತದೆ. ಒಳಗಿನ ಗಾಳಿಯನ್ನೆಲ್ಲ ತಿಂದು ಮುಗಿಸಿರುತ್ತದೆ. ಬಾಯಿ ತೆರೆದೇ ಇರಲಿ. ಆಮೇಲೆ ದೀಪ ಇಳಿಸಿ ನೋಡೋಣ. ಅದು ಉರಿದರೆ ನೀವು ಇಳಿಯಿರಿ” ಎಂದಳು.

ರೈತ ನಕ್ಕ. “ಅಲ್ಲಿಯವರೆಗೆ ಬಂದವರನ್ನು ಕೂರಿಸಿಕೊಂಡಿರಲೇ? ಹೊಟ್ಟೆ ತುಂಬಿದೆ. ಕೆಳಗೆ ವರ್ಷಕ್ಕಾಗುವಷ್ಟು ಜೋಳ ಬಿದ್ದಿದೆ. ಅಲ್ಲಿ ನನಗೆ ಕಡಿಮೆಯಾಗುವುದು ಏನು?”

ಅವಳ ತವರಿನಲ್ಲಿ ಅವಳ ಚಿಕ್ಕಪ್ಪ ಹೀಗೆಯೇ ಹಗೇವಿಗೆ ಇಳಿದಿದ್ದ. ಅವನನ್ನು ತರಲು ಇನ್ನೊಬ್ಬ ಚಿಕ್ಕಪ್ಪ ಹಾರಿದ್ದ. ಇಬ್ಬರೂ ಜೀವಂತ ಬರಲಿಲ್ಲ. ಆಗ ಅವಳಿಗೆ ಇನ್ನೂ ಲಗ್ನವಾಗಿರಲಿಲ್ಲ. ಗಂಡ ಇಳಿಯಲು ನಿಂತಿರುವಾಗ ಸಾವಿನ ಮಾತು ಆಡಲು ಅವಳಿಗೆ ನಾಲಿಗೆ ಏಳಲಿಲ್ಲ. ಒಳಗೆ ಹೋಗಿ ಹಗ್ಗ ತಂದಳು. ತಾನೇ ಅವನ ಸೊಂಟಕ್ಕೆ ಬಿಗಿಯಾಗಿ ಕಟ್ಟಿ, ಕಂಕುಳ ಕೆಳಗೆ ಇನ್ನೊಂದು ಸುತ್ತು ತಂದಳು. ಅವಳ ಸಮಾಧಾನಕ್ಕೆಂದು ರೈತ ಎರಡೂ ಕೈ ಎತ್ತಿ ನಿಂತ. ಹಗ್ಗದ ಇನ್ನೊಂದು ತುದಿಯನ್ನು ಅವಳು ಎತ್ತು ಕಟ್ಟುವ ಗೂಟಕ್ಕೆ ಸುತ್ತಿದಳು.

ರೈತ ಇಳಿದ. ಅವಳು ಇನ್ನೊಂದು ಹಗ್ಗಕ್ಕೆ ಬುಟ್ಟಿ ಕಟ್ಟಿ ಬಿಟ್ಟಳು. ಮೊದಲ ಬುಟ್ಟಿ ಅರ್ಧ ತುಂಬಿ ಬಂತು. ಅದನ್ನು ಸುರುವಿ ಮತ್ತೆ ಬಿಟ್ಟಳು. ಈ ಸಲ ಅವನು ಕೆಳಗಿನಿಂದ ಬುಟ್ಟಿಯ ಹಗ್ಗ ಜಗ್ಗಲಿಲ್ಲ. ಬಗ್ಗಿ ಕೂಗಿದಳು.

“ತಡಿ” ಎಂದ ರೈತ. ನಿದ್ದೆಗಣ್ಣಿನಲ್ಲಿ ಮಾತಾಡಿದಂತಿತ್ತು. ಆಮೇಲೆ ದನಿ ಬರಲಿಲ್ಲ.

ಅವಳು ಕೂಗಿದ್ದು ಕೇಳಿ ಮೈದುನ ಓಡಿ ಬಂದ. ಹಗೇವಿನೊಳಗೆ ಇಣುಕಿದ. ಅಣ್ಣ ಜೋಳದ ರಾಶಿಯ ಮೇಲೆ ಕೂತಿದ್ದ. ತಲೆ ಎದೆಗೆ ಬಾಗಿತ್ತು. ಕೈಗಳು ತೊಡೆಯ ಮೇಲೆ ಸಡಿಲವಾಗಿ ಬಿದ್ದಿದ್ದವು. ಮೈದುನ ಧೋತರ ಮೇಲೆ ಕಟ್ಟಿ ಹಾರಲು ಹೋದ. ಅವಳು ಅವನ ರಟ್ಟೆ ಹಿಡಿದಳು.

“ಬಿಡು ಅತ್ತಿಗೆ. ಕೈಗೆ ಸಿಗುವಂತೆ ಕೂತಿದ್ದಾನೆ. ಎತ್ತಿಕೊಂಡು ಬರುತ್ತೇನೆ.”

“ಇಳಿದರೆ ನೀನೂ ಅವರ ಪಕ್ಕದಲ್ಲಿ ಹಾಗೆಯೇ ಕೂರುತ್ತೀಯ. ಆಮೇಲೆ ನಾನು ಯಾರನ್ನು ಎಳೆಯಲಿ? ಹಗ್ಗ ಹಿಡಿ.”

ಅವನು ಬಿಡಿಸಿಕೊಳ್ಳಲು ನೋಡಿದ. ಅವಳ ಉಗುರು ಅವನ ರಟ್ಟೆಯಲ್ಲಿ ನಾಟಿತ್ತು. ಅವಳ ಮುಖ ನೋಡಿ ಹಗ್ಗಕ್ಕೆ ಕೈ ಹಾಕಿದ.

ಇಬ್ಬರೂ ಎಳೆದರು. ಅಷ್ಟು ದೊಡ್ಡ ಆಳು, ಮೈಯಲ್ಲಿ ಕಸುವಿಲ್ಲದೆ ಜೋತುಬಿದ್ದಿದ್ದ. ಒಂದು ಮೊಳ ಮೇಲೆ ಬಂದರೆ ಒಂದು ಗೇಣು ಕೆಳಗೆ ಜಾರುತ್ತಿದ್ದ. ಮೈದುನ ಹಳ್ಳದ ಕಡೆಗೆ ಕೂಗು ಹಾಕಿದ. ಅವಳು ಕೂಗಲಿಲ್ಲ. ಹಗೇವಿನ ಬಾಯಿಯ ಅಂಚಿಗೆ ಎರಡೂ ಪಾದ ಊರಿ, ಹಿಂದಕ್ಕೆ ವಾಲಿ, ಏದುಸಿರು ಬಿಡುತ್ತ ಎಳೆದಳು. ಬೆಳಿಗ್ಗೆ ತಿಂದ ತಂಗಳು ರೊಟ್ಟಿಯೊಂದನ್ನು ಬಿಟ್ಟರೆ ಅವಳ ಹೊಟ್ಟೆಯಲ್ಲಿ ಬೇರೇನೂ ಇರಲಿಲ್ಲ. ಅಂಗೈ ಸುಲಿಯಿತು. ಹಗ್ಗ ಬಿಡಲಿಲ್ಲ. ರೈತನ ತಲೆ ಬಾಯಿಯವರೆಗೆ ಬಂದು ಭುಜ ಸಿಕ್ಕಿಕೊಂಡಿತು. ಅಷ್ಟರಲ್ಲಿ ಹಳ್ಳದಿಂದ ಜನ ಓಡಿ ಬಂದು ಕಂಕುಳಿಗೆ ಕೈ ಹಾಕಿ ಎತ್ತಿದರು.

ರೈತನ ತುಟಿ ನೀಲಿಯಾಗಿತ್ತು. ಬಯಲಿನಲ್ಲಿ ಮಲಗಿಸಿದರು. ಒಬ್ಬರು ಬೆಲ್ಲದ ನೀರು ತಂದು ಬಾಯಿಗೆ ಹಿಡಿದರು. ಅವಳು ಆ ಕೈಯನ್ನು ಸರಿಸಿದಳು.

“ಇದು ಅವರ ಹೊಟ್ಟೆಯಲ್ಲಿ ಬೇಕಾದಷ್ಟಿದೆ. ದೂರ ನಿಲ್ಲಿ, ಗಾಳಿ ಬರಲಿ.”

ಜನ ಸರಿದು ನಿಂತರು. ಅವಳು ಗಂಡನ ಎದೆಯ ಮೇಲೆ ಕಣ್ಣಿಟ್ಟು ಕೂತಳು. ಒಂದು ಉಸಿರು ಬಂತು. ಬಹಳ ಹೊತ್ತಾದ ಮೇಲೆ ಇನ್ನೊಂದು ಬಂತು. ಆಮೇಲೆ ಒಂದರ ಹಿಂದೆ ಒಂದು ಬರತೊಡಗಿದವು. ತುಟಿಗೆ ಮೆಲ್ಲಗೆ ಬಣ್ಣ ಬಂತು. ಹೊತ್ತು ಇಳಿಯುವ ಮೊದಲು ರೈತ ಯಾರ ಆಸರೆಯೂ ಇಲ್ಲದೆ ಎದ್ದು ಕೂತ. ಆಗ ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

“ನನಗೆ ಏನು ತಿನ್ನಿಸಿದಿರಿ?” ಎಂದು ರೈತ ಕೇಳಿದ.

“ಏನೂ ಇಲ್ಲ” ಎಂದ ತಮ್ಮ.

ರೈತನಿಗೆ ಇದು ಬಗೆಹರಿಯಲಿಲ್ಲ. ಬಲ ಹೋದಾಗ ಹೊಟ್ಟೆ ತುಂಬಿತ್ತು. ಬಲ ಮರಳಿದಾಗ ಒಂದು ತುತ್ತೂ ಹೊಸದಾಗಿ ಒಳಗೆ ಹೋಗಿರಲಿಲ್ಲ. ಮರುದಿನ ಮೈ ತೋರಿಸಲು ವೈದ್ಯರ ಹತ್ತಿರ ಹೋದಾಗ ಇದನ್ನೇ ಕೇಳಿದ. ಹೆಂಡತಿ ಜೊತೆಗಿದ್ದಳು.

ವೈದ್ಯರು ಹೇಳಿದರು: “ನಿನ್ನ ಮೈ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳಿಂದ ಆದದ್ದು. ಉಂಡ ರೊಟ್ಟಿ ಅರಗಿ ಗ್ಲೂಕೋಸ್ ಎಂಬ ಸಕ್ಕರೆಯಾಗುತ್ತದೆ. ರಕ್ತ ಅದನ್ನು ಕೋಶಗಳಿಗೆ ಮುಟ್ಟಿಸುತ್ತದೆ. ಅಲ್ಲಿಗೆ ಅದು ಬರಿಯ ಸಕ್ಕರೆ, ಬಲವಲ್ಲ. ಕೋಶ ಆ ಸಕ್ಕರೆಯನ್ನು ಹಂತಹಂತವಾಗಿ ಒಡೆಯುತ್ತದೆ. ನೀನು ಉಸಿರಿನಲ್ಲಿ ಎಳೆದುಕೊಂಡ ಆಮ್ಲಜನಕ ಬಂದು ಸೇರಿದರೆ ಅದರಿಂದ ಪೂರ್ತಿ ಬಲ ಹೊರಡುತ್ತದೆ. ಉಳಿಯುವುದು ನೀರು ಮತ್ತು ನೀನು ಹೊರಗೆ ಬಿಡುವ ಗಾಳಿ. ಆಮ್ಲಜನಕ ಬರದಿದ್ದರೆ ಕೋಶ ಹೇಗೋ ಚೂರು ಬಲ ತೆಗೆದೀತು. ಅದು ಹೆಚ್ಚು ಹೊತ್ತು ಸಾಲುವುದಿಲ್ಲ. ಅನ್ನವನ್ನು ಮೈ ಕೂಡಿಡುತ್ತದೆ. ಬಲವನ್ನು ಕೂಡಿಡಲಾರದು. ಅದು ಆಗಿಂದಾಗ ಹುಟ್ಟಬೇಕು, ಆಗಿಂದಾಗ ಖರ್ಚಾಗಬೇಕು.”

“ಹಾಗಾದರೆ ಜೋಳ ಉಸಿರಾಡುತ್ತದೆ ಎನ್ನುವುದು ನಿಜವೇ?” ಎಂದು ರೈತ ಕೇಳಿದ.

“ನಿಜ. ಕಾಳಿನಲ್ಲೂ ಜೀವಕೋಶಗಳಿವೆ. ಅವೂ ಇದೇ ಕೆಲಸ ಮಾಡುತ್ತವೆ. ನೀನು ಇಳಿಯುವ ಮೊದಲೇ ಅಲ್ಲಿನ ಆಮ್ಲಜನಕ ಬಹುಪಾಲು ಮುಗಿದಿತ್ತು.”

ಮನೆಗೆ ಬರುವ ದಾರಿಯಲ್ಲಿ ಅವಳು ಚಿಕ್ಕಪ್ಪಂದಿರ ವಿಷಯ ಹೇಳಿದಳು. ರೈತ, “ಆ ಕಾಳು ಇನ್ನು ನಮಗೆ ಬೇಡ. ನನ್ನ ಜೀವ ತೆಗೆಯಲಿತ್ತು” ಎಂದ.

“ಉಸಿರಾಡದ ಕಾಳನ್ನು ಬಿತ್ತಿದರೆ ಮೊಳೆಯುವುದಿಲ್ಲ” ಎಂದಳು ಅವಳು.

ಬೇವಿನ ಟೊಂಗೆಗಳ ಕಂತೆ ಕಟ್ಟಿ ಹಗೇವಿನಲ್ಲಿ ಇಳಿಸಿ ಏರಿಸಿ ಗಾಳಿ ಆಡಿಸಿದರು. ಅವಳು ದೀಪ ಇಳಿಸಿದಳು. ತಳದವರೆಗೂ ಅದು ಉರಿಯಿತು. ಅಣ್ಣ ತಮ್ಮ ಸರದಿಯ ಮೇಲೆ ಇಳಿದು ಜೋಳ ತೆಗೆದರು. ಗೋಡೆಗೆ ತಾಗಿದ್ದ ಕಾಳು ಕಪ್ಪಾಗಿತ್ತು, ತಿಪ್ಪೆಗೆ ಹಾಕಿದರು. ನಡುವಿನದು ಗಟ್ಟಿಯಾಗಿತ್ತು; ಅದನ್ನು ಬಂಡಿಗೆ ತುಂಬಿ ಕಳಿಸಿದರು. ಪಕ್ಕದ ಊರಿನ ಹೊಲಗಳಲ್ಲಿ ಆ ಜೋಳ ಒತ್ತಾಗಿ ಹುಟ್ಟಿತು.

ವಸ್ತಾದರು ಕತೆ ನಿಲ್ಲಿಸಿದರು. ಲಗಮಣ್ಣ ಮೊಣಕಾಲು ತಬ್ಬಿ ಕೂತಿದ್ದ. ತಲೆ ಎತ್ತಿ ಕೇಳಿದ:

“ಹಾಗಾದರೆ ನಾನು ಎಷ್ಟು ಉಣ್ಣಲಿ?”

ವಸ್ತಾದರು ಎದ್ದು ಸಲಿಕೆ ತೆಗೆದುಕೊಂಡರು.

“ಈಗ ಉಣ್ಣುವಷ್ಟೇ ಸಾಕು. ನಿನ್ನೆ ಅವನಿಗೆ ಪಟ್ಟು ಹಾಕಿದಾಗಿನಿಂದ ನೀನು ಮಣ್ಣಿಗೆ ಬೀಳುವವರೆಗೆ ಒಮ್ಮೆಯೂ ಉಸಿರಾಡಲಿಲ್ಲ.”